ಐದು ದಿನದ ಮುದ್ದತು

ಎರೆಯ ನೆಲಕ್ಕೆ ವಾಹನಗಳ ಮೇಲೆ ಅಷ್ಟಾಗಿ ಒಲವಿಲ್ಲ. ಬೇಸಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರಿಯುವ, ಮಳೆಗಾಲದಲ್ಲಿ ದಾರಿಹೋಕನ ಕಾಲಿನ ಕೆರವನ್ನೇ ಕಿತ್ತಿಟ್ಟುಕೊಳ್ಳುವ ಈ ಮಣ್ಣಿನಲ್ಲಿ ಬಿಳಿಜೋಳವೂ ತೊಗರಿಯೂ ಹುಲುಸಾಗಿ ಬೆಳೆಯುತ್ತವೆಯೇ ಹೊರತು, ಗಾಲಿಯುಳ್ಳ ಯಾವ ವಸ್ತುವೂ ಬಹುಕಾಲ ಸುಖವಾಗಿ ಬಾಳಿದುದನ್ನು ನಾನು ಕಾಣೆನು. ನಮ್ಮ ಅಂದೋಲಾ ಇಂದು ಜೇವರ್ಗಿ ತಾಲೂಕಿನ ಒಂದು ಗ್ರಾಮವಾದರೂ, ನಿಜಾಮರ ಆಳಿಕೆಯಲ್ಲಿ ಒಂದು ತಾಲೂಕಿಗೇ ಈ ಹೆಸರಿದ್ದಿತು. ಆ ಕಾಲದ ಗತ್ತು ಇನ್ನೂ ಊರಿನ ಹಿರಿಯರಲ್ಲಿ ಉಳಿದಿರುವುದರಿಂದ, ಹೊರಗಿನಿಂದ ಬಂದ ವಸ್ತುವನ್ನು ಅವರು ಬೆರಗಿನಿಂದ ನೋಡುವುದಿಲ್ಲ; ಪರೀಕ್ಷೆಯ ಕಣ್ಣಿನಿಂದ ನೋಡುತ್ತಾರೆ.

ಕಲಬುರಗಿಯಲ್ಲಿ ಬೇಳೆಯ ಮಿಲ್ಲು ನಡೆಸುವ ನನ್ನ ಅಕ್ಕನ ಮಗನು ಜರ್ಮನಿಯ ಕಂಪನಿಯೊಂದರ ಕಾರನ್ನು ಕೊಂಡು, ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮೆಯನ್ನು ದಾಟಿಸಿ, ಜೇವರ್ಗಿಯ ಮೇಲೆ ಹಾಯ್ದು, ನಮ್ಮ ಮನೆಯ ಕಟ್ಟೆಯ ಮುಂದೆ ತಂದು ನಿಲ್ಲಿಸಿದಾಗಲೂ ಆದದ್ದು ಅದೇ. ಒಂದು ಕಾಲದಲ್ಲಿ ಜಾತ್ರೆಯಿಂದ ಜಾತ್ರೆಗೆ ಎತ್ತಿನ ವ್ಯಾಪಾರ ಮಾಡುತ್ತಿದ್ದ ವೃದ್ಧರೊಬ್ಬರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಅದರ ಪಕ್ಕೆಯನ್ನು ಒಮ್ಮೆ ತಟ್ಟಿ, ಬಾಗಿ ಕೆಳಗೆ ನೋಡಿ, "ಏನ್ ಬಿದ್ದದ ತಮ್ಮಾ ಇದಕ?" ಎಂದರು. ಬೆಲೆ ಕೇಳಿದ ಮೇಲೂ ಅವರ ಮುಖದಲ್ಲಿ ಬದಲಾವಣೆ ಕಾಣಲಿಲ್ಲ. "ಗ್ಯಾರಂಟಿ ಅದ ಏನು?" ಎಂಬುದು ಎರಡನೆಯ ಪ್ರಶ್ನೆ. "ಮೂರ ವರ್ಷ ಅದ ಕಾಕಾ" ಎಂದು ಅಳಿಯನು ಹೆಮ್ಮೆಯಿಂದಲೇ ಹೇಳಿದನು. "ವರ್ಷದ ಮಾತು ಬಿಡು. ಕೆಟ್ಟರ ತಿರುಗಿ ತೊಗೋತಾರೋ ಇಲ್ಲೋ, ಅದನ ಹೇಳು" ಎಂದರು ವೃದ್ಧರು. ಆ ಪ್ರಶ್ನೆಗೆ ಅಂದು ಯಾರೂ ಉತ್ತರ ಕೊಡಲಿಲ್ಲ.

ಮೊದಲ ಮಳೆ ಬಿದ್ದ ವಾರದಲ್ಲಿಯೇ ಕಾರಿನ ಮುಖಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ದೀಪದ ಹಿಂದೆಯೇ ಗೇರು ಒಂದೇ ಸ್ಥಾನದಲ್ಲಿ ಸಿಕ್ಕಿಕೊಂಡು, ಗಂಟೆಗೆ ಇನ್ನೂರು ಕಿಲೋಮೀಟರು ಓಡಬಲ್ಲುದೆಂದು ಹೊಗಳಿಸಿಕೊಂಡಿದ್ದ ವಾಹನವು ಜೋಳದ ಬಂಡಿಗೂ ದಾರಿ ಬಿಟ್ಟುಕೊಡುವ ವಿನಯವನ್ನು ಕಲಿಯಿತು. ಅದರ ಅಧಿಕೃತ ಕಾರ್ಖಾನೆಯಿದ್ದುದು ದೂರದ ಮಹಾನಗರದಲ್ಲಿ. ಆದುದರಿಂದ ಕಾರನ್ನು ಲಾರಿಯ ಮೇಲೇರಿಸಿ ಕಳುಹಿಸಬೇಕಾಯಿತು. ಅಲ್ಲಿನ ತರುಣರು ಅತ್ಯಂತ ವಿನಯಶೀಲರು. ಚಹಾ ಕೊಟ್ಟರು, ಗಣಕಯಂತ್ರದ ತಂತಿಯನ್ನು ಕಾರಿಗೆ ಸಿಕ್ಕಿಸಿದರು, ಯಾವ ದೋಷವೂ ತೋರುತ್ತಿಲ್ಲವೆಂದು ಸಾರಿದರು. ಮನೆಗೆ ಬಂದ ಕಾರಿನಲ್ಲಿ ದೀಪವು ಮತ್ತೆ ಹೊತ್ತಿತು. ಆಮೇಲೆ ಸಾಫ್ಟ್‌ವೇರನ್ನು ಹೊಸದಾಗಿ ತುಂಬಿದರು. ಆಮೇಲೆ ಒಂದು ಬಿಡಿಭಾಗವು ಜರ್ಮನಿಯಿಂದ ಹಡಗೇರಿ ಬರಬೇಕೆಂದರು. ಬಂದ ಭಾಗವನ್ನು ಜೋಡಿಸಿದ ಮೇಲೂ ದೀಪವು ಆರದಿರಲು, ಕೊನೆಗೆ ಒಂದು ಪತ್ರವೇ ಬಂದಿತು. ಧೂಳು, ರಸ್ತೆಯ ಸ್ಥಿತಿ ಮೊದಲಾದ ಬಾಹ್ಯಕಾರಣಗಳಿಂದ ಸಂಭವಿಸಿದ ಹಾನಿಯು ವಾರಂಟಿಯ ವ್ಯಾಪ್ತಿಗೆ ಸೇರದೆಂಬುದು ಅದರ ತಾತ್ಪರ್ಯ. ಅಂದರೆ ತಪ್ಪು ನಮ್ಮ ಎರೆಮಣ್ಣಿನದು! ಜೇವರ್ಗಿ ತಾಲೂಕಿನಲ್ಲಿ ಧೂಳಿಲ್ಲದ ದಾರಿಯನ್ನು ಹುಡುಕಿ ಅದರಲ್ಲೇ ಓಡಿಸುವುದಾಗಿ ಅಳಿಯನು ಕಾರು ಕೊಳ್ಳುವಾಗ ಬರೆದುಕೊಟ್ಟಿರಲಿಲ್ಲ.

ವಾರಂಟಿಯ ಆ ಪುಸ್ತಿಕೆಯನ್ನು ನಾನು ಒಂದು ಮಧ್ಯಾಹ್ನ ಕುಳಿತು ಆದ್ಯಂತವಾಗಿ ಓದಿದೆನು. ಬಹುಶಃ ಅದನ್ನು ಪೂರ್ಣವಾಗಿ ಓದಿದ ಪ್ರಥಮ ಮಾನವನು ನಾನೇ ಇರಬೇಕು. ಮೊದಲ ಪುಟದಲ್ಲಿ ಉದಾರವಾದ ಅಭಯಪ್ರದಾನ. ಉಳಿದ ಪುಟಗಳಲ್ಲಿ ಆ ಅಭಯವನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ಸೆಳೆದುಕೊಳ್ಳುವ ವಿಧಿಗಳು. ಟೈರು ಸೇರದು, ಬ್ರೇಕಿನ ಪ್ಯಾಡು ಸೇರದು, ವೈಪರಿನ ರಬ್ಬರು ಸೇರದು. ಸೇರುವುದಾದರೂ ಬಿಡಿಭಾಗ ಮಾತ್ರ, ಅದೂ ದೋಷವುಳ್ಳದ್ದೆಂದು ಕಂಪನಿಯವರೇ ಒಪ್ಪಿದಲ್ಲಿ. ಇಡೀ ಕಾರು ಎಂಬ ಪದಾರ್ಥವೊಂದು ಲೋಕದಲ್ಲಿ ಉಂಟೆಂಬುದನ್ನೇ ಆ ಪುಸ್ತಿಕೆಯು ಮರೆತಂತಿದ್ದಿತು.

ನಮ್ಮ ತಂದೆಯವರ ಕಾಲದ ಬಂಡಿಗೆ ಪುಸ್ತಿಕೆ ಇರಲಿಲ್ಲ, ಆಯವಿದ್ದಿತು. ಗಾಲಿ ಸಡಿಲಾದರೆ ಬಡಿಗನು, ಅಚ್ಚು ಸವೆದರೆ ಕಮ್ಮಾರನು ದುಡ್ಡು ಕೇಳದೆ ದುರಸ್ತಿ ಮಾಡಿಕೊಡುವನು. ರಾಶಿಯ ದಿನ ಕಣಕ್ಕೆ ಬಂದು ವರ್ಷದ ಜೋಳವನ್ನು ಅಳೆಸಿಕೊಂಡು ಹೋಗುವನು. ಬಂಡಿ ಮಾಡಿದವನೇ ಅದನ್ನು ದುರಸ್ತಿ ಮಾಡುವವನಾದುದರಿಂದ, ಕೆಟ್ಟ ಕಟ್ಟಿಗೆಯನ್ನು ಸೇರಿಸಿದರೆ ಮುಂದಿನ ಸುಗ್ಗಿಯವರೆಗೂ ಅವನೇ ಬೆವರಬೇಕಾಗುತ್ತಿದ್ದಿತು. ಆದರೂ ಆ ಪದ್ಧತಿಯನ್ನು ಹಾಡಿ ಹೊಗಳುವ ಮನಸ್ಸು ನನಗಿಲ್ಲ. ಕಣದ ಅಂಚಿನಲ್ಲಿ ನಿಂತು ಗೌಡರ ಕೈಯನ್ನು ನೋಡುತ್ತಿದ್ದ ಬಡಿಗನಿಗೆ ಅಳೆದು ಕೊಟ್ಟ ಜೋಳವು ಎಷ್ಟೋ ವರ್ಷ ಅವನ ದುಡಿಮೆಗೆ ಸಮನಾಗಿರಲಿಲ್ಲ. ಬರಗಾಲದಲ್ಲಂತೂ ಬಂಡಿಯ ದುರಸ್ತಿ ನಡೆಯುತ್ತಿದ್ದಿತು, ಜೋಳ ಬರುತ್ತಿರಲಿಲ್ಲ. ಆ ಕರಾರಿನಲ್ಲಿಯೂ ಒಂದು ಪಕ್ಷವೇ ನಲುಗುತ್ತಿದ್ದಿತು. ನಲುಗುವವನು ಕೊಂಡವನಾಗಿರಲಿಲ್ಲವೆಂಬುದಷ್ಟೇ ಭೇದ.

ಎತ್ತಿನ ವ್ಯಾಪಾರಿಯ ಪ್ರಶ್ನೆಯು ನನ್ನನ್ನು ಇನ್ನೂ ಹಿಂದಕ್ಕೆ, ನಮ್ಮ ಜಿಲ್ಲೆಯವನೇ ಆದ ಒಬ್ಬ ಮಹಾನುಭಾವನ ಬಳಿಗೆ ಕರೆದೊಯ್ದಿತು. ಕಲಬುರಗಿಯಿಂದ ಶಹಾಬಾದಿನ ಕಡೆಗೆ ಹೋಗುವಾಗ ಮರತೂರು ಎಂಬ ಗ್ರಾಮವುಂಟು. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಊರು ಅದೆಂದು ನಮ್ಮ ಭಾಗದವರು ಅಭಿಮಾನದಿಂದ ಹೇಳುತ್ತಾರೆ. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯು ಶತಮಾನಗಳ ಕಾಲ ಆ ಗ್ರಂಥದಂತೆ ಹಂಚಿಕೆಯಾಯಿತೆಂಬುದು ವಕೀಲರೆಲ್ಲರೂ ಬಲ್ಲ ಸಂಗತಿ. ಆದರೆ ದಾಯಭಾಗದ ಪ್ರಕರಣದಿಂದ ಮುಂದೆ ಸಾಗಿ, ಕೊಂಡ ವಸ್ತುವಿನ ವಿಷಯದಲ್ಲಿ ಆಮೇಲೆ ಪಶ್ಚಾತ್ತಾಪಪಡುವವನ ವ್ಯಾಜ್ಯವನ್ನು ಕುರಿತ ಪ್ರಕರಣದವರೆಗೆ ಹೋಗುವವರು ವಿರಳ. ಕೊಂಡುದನ್ನು ಪರೀಕ್ಷಿಸಿ ನೋಡಲು ಯಾಜ್ಞವಲ್ಕ್ಯನು ಅಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಅವಧಿಯನ್ನು ಕಟ್ಟಿದ್ದಾನೆ. ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸು ಎಮ್ಮೆಗಳಿಗೆ ಮೂರು ದಿನ, ಭಾರ ಎಳೆಯುವ ಎತ್ತು ಮೊದಲಾದುವಕ್ಕೆ ಐದು ದಿನ. ಅದೇ ಉಸಿರಿನಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂದು ಮನುಷ್ಯರನ್ನೂ ಪಟ್ಟಿಗೆ ಸೇರಿಸಿರುವುದನ್ನು ಓದಿದಾಗ, ಪ್ರಾಚೀನರ ವಿವೇಕವನ್ನು ಕೊಂಡಾಡಲು ಮೇಲೆತ್ತಿದ ಕೈ ತಾನಾಗಿಯೇ ಇಳಿಯುತ್ತದೆ. ಆದರೂ ಕಬ್ಬಿಣದ ದೋಷವು ಒಂದೇ ದಿನದಲ್ಲಿ ತಿಳಿಯುವುದೆಂದೂ, ಬೀಜದ ದೋಷ ತಿಳಿಯಬೇಕಾದರೆ ಅದು ಮೊಳೆಯಬೇಕೆಂದೂ, ಎತ್ತಿನ ಕುಂಟು ಕಾಣಬೇಕಾದರೆ ಅದನ್ನು ನಾಲ್ಕಾರು ದಿನ ಹೂಡಬೇಕೆಂದೂ ಬಲ್ಲವನು ಮಾಡಿದ ಕಟ್ಟಳೆ ಇದು. ಅವಧಿಯೊಳಗೆ ದೋಷ ಕಂಡರೆ ಮಾಲು ಹಿಂದಕ್ಕೆ; ಅವಧಿ ಮೀರಿದರೆ ಕೊಂಡವನ ಹಣೆಬರಹ. ದೋಷವುಳ್ಳುದನ್ನು ನಿರ್ದೋಷವೆಂದು ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವೆಂದು ಬೇರೊಂದು ಕಡೆ ಹೇಳಿದೆ. ನಾರದನು ಇನ್ನೂ ಉದಾರಿ: ದೋಷವಿಲ್ಲದಿದ್ದರೂ ಮನಸ್ಸಿಗೆ ಬಾರದ ವಸ್ತುವನ್ನು ಕೊಂಡ ದಿನವೇ ಕೆಡದಂತೆ ಮರಳಿಸಬಹುದು, ಎರಡನೆಯ ದಿನವಾದರೆ ಬೆಲೆಯ ಮೂವತ್ತರಲ್ಲಿ ಒಂದು ಪಾಲು ನಷ್ಟ, ಮೂರನೆಯ ದಿನ ಅದರ ಇಮ್ಮಡಿ.

ಇದನ್ನೆಲ್ಲ ನಾನು ವಿಸ್ತರಿಸಿ ಹೇಳಿದಾಗ ಅಳಿಯನು ಶಾಂತವಾಗಿ ಕೇಳಿ, "ಮಾಮಾ, ಆ ವಿಜ್ಞಾನೇಶ್ವರ ಈಗ ಯಾವ ಕೋರ್ಟಿನಾಗ ಕೂಡತಾರ?" ಎಂದನು.

ಆದರೆ ಐದು ದಿನದ ಆ ಲೆಕ್ಕವು ಕಾಗದದ ಮಾತಲ್ಲವೆಂಬುದಕ್ಕೆ ಹೈದರಾಬಾದಿನ ಹೈಕೋರ್ಟಿನಿಂದ ದೆಹಲಿಯವರೆಗೆ ನಡೆದ ಒಂದು ವ್ಯಾಜ್ಯವೇ ಸಾಕ್ಷಿ. ಒಂದು ಸಂಸ್ಥೆಯು 2009ರ ಸೆಪ್ಟೆಂಬರ್ 25ರಂದು ಬಿ.ಎಂ.ಡಬ್ಲ್ಯೂ ಕಂಪನಿಯ 7 ಸೀರೀಸ್ ಕಾರೊಂದನ್ನು ಕೊಂಡಿತು. ಅದೇ ತಿಂಗಳ 29ರಂದು, ಕೊಂಡ ದಿನವನ್ನೂ ಸೇರಿಸಿ ಎಣಿಸಿದರೆ ಸರಿಯಾಗಿ ಐದನೆಯ ದಿನ, ಕಾರಿನಲ್ಲಿ ದೋಷ ಕಂಡಿತು. ನವೆಂಬರ್ 13ರಂದು ಮತ್ತೆ ಕಂಡಿತು. ಮರತೂರಿನ ನ್ಯಾಯದಂತೆ ಆಗಿದ್ದರೆ ಮೊದಲನೆಯ ಸಂಜೆಯೇ ವ್ಯವಹಾರ ಮುಗಿಯುತ್ತಿದ್ದಿತು. ಇಲ್ಲಿ ವಂಚನೆಯ ಪೊಲೀಸು ಮೊಕದ್ದಮೆಯಾಯಿತು. 2012ರ ಮಾರ್ಚ್ ತಿಂಗಳಲ್ಲಿ ಹೈಕೋರ್ಟು ವಂಚನೆಯ ಅಪರಾಧ ಕಾಣುವುದಿಲ್ಲವೆಂದು ಮೊಕದ್ದಮೆಯನ್ನು ರದ್ದುಪಡಿಸಿ, ಹೊಸ ಕಾರನ್ನು ಕೊಡಿರೆಂದು ಕಂಪನಿಗೆ ಅಪ್ಪಣೆ ಮಾಡಿತು. ಕಂಪನಿಯು ಕೊಡಲು ಸಿದ್ಧವೆಂದಿತು, ಕೊಂಡವರು ಒಪ್ಪಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಏರಿತು. 2024ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರ ಪೀಠವು, ಅಪರಾಧವಿಲ್ಲವೆಂದ ಮೇಲೆ ಕಾರು ಬದಲಿಸೆಂದು ಹೈಕೋರ್ಟು ಹೇಳಬಾರದಿತ್ತೆಂದು ತಿಳಿಸಿ, ತನ್ನ ವಿಶೇಷಾಧಿಕಾರದಿಂದ 50 ಲಕ್ಷ ರೂಪಾಯಿಗಳನ್ನು ಕೊಡಿಸಿ ವಿವಾದಕ್ಕೆ ತೆರೆ ಎಳೆಯಿತು. ಐದನೆಯ ದಿನದ ದೋಷಕ್ಕೆ ಹದಿನೈದನೆಯ ವರ್ಷದಲ್ಲಿ ಪರಿಹಾರ!

ನಮ್ಮನ್ನಾಳಿದ ನಿಜಾಮರು ಈ ತೊಡಕಿನಿಂದ ಪಾರಾದ ಬಗೆ ಬೇರೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಸಿಂಹಾಸನದಂತಹ ಆಸನವುಳ್ಳ ರೋಲ್ಸ್ ರಾಯ್ಸ್ ಕಾರೊಂದನ್ನು ಮಾಡಿಸಲು ಹೇಳಿ, ಅದು ಬರುವ ಮುನ್ನವೇ 1911ರಲ್ಲಿ ಕಾಲವಾದರು. ಮಗ ಉಸ್ಮಾನ್ ಅಲಿ ಖಾನರು ಅದನ್ನು ಹೊರಗೆ ತೆಗೆಸಿದ್ದು ಅಪರೂಪ. ಆ ಹಳದಿ ಬಣ್ಣದ ಕಾರು ಇಂದಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಪ್ರೇಕ್ಷಣೀಯವಾಗಿ ನಿಂತಿದೆ. ಓಡಿಸದ ಕಾರು ಕೆಡುವುದೆಂತು?

ಅಮೆರಿಕದವರಿಗೂ ಈ ವಿದ್ಯೆ ಸುಲಭವಾಗಿ ಬರಲಿಲ್ಲ. 1955ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಹೆನಿಂಗ್‌ಸೆನ್ ಎಂಬಾತನು ಮಾತೃದಿನದ ಕಾಣಿಕೆಯೆಂದು ಹೆಂಡತಿಗೆ ಪ್ಲಿಮತ್ ಕಾರು ಕೊಂಡುಕೊಟ್ಟನು. ಎರಡು ವಾರ ತುಂಬುವಷ್ಟರಲ್ಲಿ ಆಕೆಯ ಕೈಯಲ್ಲಿ ಸ್ಟಿಯರಿಂಗು ತಾನಾಗಿ ತಿರುಗಿ ಕಾರು ಗೋಡೆಗೆ ಬಡಿಯಿತು. ತೊಂಬತ್ತು ದಿನ ಅಥವಾ ನಾಲ್ಕು ಸಾವಿರ ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ ಕೆಟ್ಟ ಬಿಡಿಭಾಗವನ್ನು ಬದಲಿಸುವುದಷ್ಟೇ ತಮ್ಮ ಹೊಣೆಯೆಂದು ಸಣ್ಣ ಅಕ್ಷರಗಳನ್ನು ತೋರಿಸಿದ ಕಂಪನಿಗೆ, ಅಂತಹ ಕರಾರು ನಿಲ್ಲದೆಂದು ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯವು 1960ರಲ್ಲಿ ಹೇಳಿತು. ಮತ್ತೆ ಮತ್ತೆ ಕೆಡುವ ಹೊಸ ಕಾರನ್ನು ಹಿಂದಕ್ಕೆ ಪಡೆಯಲೇಬೇಕೆಂಬ ಶಾಸನವನ್ನು ಕನೆಕ್ಟಿಕಟ್ ಸಂಸ್ಥಾನವು 1982ರಲ್ಲಿ ಮಾಡಿತು. ನಮ್ಮಲ್ಲಿ ಕಾರಿಗೆಂದೇ ಅಂತಹ ಶಾಸನವಿಲ್ಲ. ಕ್ಲಚ್ಚು ಕೆಟ್ಟ ಮಾರುತಿ ಕಾರೊಂದರ ವ್ಯಾಜ್ಯದಲ್ಲಿ 2006ರಲ್ಲಿ ನಮ್ಮ ಸುಪ್ರೀಂ ಕೋರ್ಟು, ವಾರಂಟಿಯ ಕರಾರಿನಂತೆ ಬಿಡಿಭಾಗ ಬದಲಾಗಬೇಕೇ ಹೊರತು ಇಡೀ ಕಾರಲ್ಲವೆಂದು ನಿರ್ಣಯಿಸಿತು. ಶರೀರಕ್ಕೆ ಜ್ವರ ಬಂದಿದೆಯೆಂದರೆ ಬೆರಳನ್ನು ಬದಲಿಸಿಕೊಡುತ್ತೇವೆಂಬ ಈ ತರ್ಕವನ್ನು ನನ್ನ ಮನಸ್ಸು ಇಂದಿಗೂ ಒಪ್ಪಿಲ್ಲ. ಆದರೆ ಕಾನೂನು ನನ್ನ ಒಪ್ಪಿಗೆಗಾಗಿ ಕಾದು ಕುಳಿತಿಲ್ಲ.

ಉಳಿದಿದ್ದ ದಾರಿಯೆಂದರೆ ಗ್ರಾಹಕರ ಆಯೋಗ. 1986ರ ಕಾಯ್ದೆಯ ಸ್ಥಾನದಲ್ಲಿ 2020ರ ಜುಲೈಯಿಂದ ಜಾರಿಯಾದ ಹೊಸ ಕಾಯ್ದೆಯು ಒಂದು ಉಪಕಾರ ಮಾಡಿದೆ: ಮಾರಿದವನ ಊರಿಗೆ ಹೋಗಬೇಕಾಗಿಲ್ಲ, ಕೊಂಡವನು ತಾನಿರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, ಮೀರಿದರೆ ರಾಜ್ಯ ಆಯೋಗ. ಅಳಿಯನ ಕಾರು ಆ ಗೆರೆಗೆ ತುಸುವೇ ಕೆಳಗಿದ್ದಿತು. ಮಾರಾಟದ ತರುಣನು ಅಂದು ಬಹುವಾಗಿ ಒತ್ತಾಯಿಸಿದ್ದ ಚರ್ಮದ ಆಸನವನ್ನೂ ಗಾಜಿನ ಮಾಡನ್ನೂ ಕೊಂಡಿದ್ದರೆ ಮೊಕದ್ದಮೆಯು ಕಲಬುರಗಿಯ ಕೈತಪ್ಪಿ ಮೇಲಿನ ಮೆಟ್ಟಿಲನ್ನು ಹತ್ತುತ್ತಿದ್ದಿತು. ನನ್ನ ಅಕ್ಕನ ಜಿಪುಣತನವು ಹೀಗೆ ನ್ಯಾಯಶಾಸ್ತ್ರಕ್ಕೆ ಉಪಯುಕ್ತವಾಯಿತು.

ಎದುರು ಪಕ್ಷದವರು ಮೊದಲು ಎತ್ತಿದ ತಕರಾರು, ಕಾರು ಮಿಲ್ಲಿನ ಹೆಸರಿನಲ್ಲಿರುವುದರಿಂದ ಅದು ವ್ಯಾಪಾರದ ವಸ್ತುವೆಂದೂ, ಅಳಿಯನು ಗ್ರಾಹಕನೇ ಅಲ್ಲವೆಂದೂ. ನಮ್ಮ ವಕೀಲರು ಇದಕ್ಕಾಗಿಯೇ ಕಾದಿದ್ದವರಂತೆ, ನಿರ್ದೇಶಕರ ಸ್ವಂತ ಉಪಯೋಗಕ್ಕೆಂದು ಕಂಪನಿಯೊಂದು ಕೊಂಡ ಮರ್ಸಿಡಿಸ್ ಕಾರು ವ್ಯಾಪಾರದ ಉದ್ದೇಶದ್ದಾಗದೆಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲೇ ಹೇಳಿದ ತೀರ್ಪನ್ನು ಮುಂದಿಟ್ಟರು. ತೊಗರಿಯ ಚೀಲವನ್ನು ಆ ಕಾರಿನಲ್ಲಿ ಹೇರಿದುದುಂಟೇ ಎಂಬ ಪ್ರಶ್ನೆಗೆ ಅಳಿಯನು, ಅದು ತನ್ನನ್ನೇ ಹೊತ್ತುದು ಕಡಮೆಯೆಂದು ಸತ್ಯವನ್ನೇ ನುಡಿದನು.

ಇನ್ನುಳಿದುದು ಪರೀಕ್ಷೆ. ದೋಷವು ತಯಾರಿಕೆಯದೋ ಮಣ್ಣಿನದೋ ಎಂಬುದನ್ನು ತಜ್ಞನು ನೋಡಿ ಹೇಳಬೇಕು. ಪರೀಕ್ಷೆ ಬೇಕಾದ ಮೊಕದ್ದಮೆಗಳನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯಲ್ಲಿದೆ. ಯಾಜ್ಞವಲ್ಕ್ಯನ ಐದು ದಿನವು ಐದು ತಿಂಗಳಾಗಿ ಬೆಳೆದಿದೆ, ಅದೂ ಯತ್ನದ ಮಟ್ಟಿಗೆ. ತೊಡಕಾದುದು ಬೇರೆಡೆ. ಕಾರಿನ ಗಣಕವು ಏನು ಬರೆದಿಟ್ಟುಕೊಂಡಿದೆಯೆಂಬುದನ್ನು ಪೂರ್ಣವಾಗಿ ಓದಬಲ್ಲ ಯಂತ್ರವಿರುವುದು ಅದನ್ನು ಮಾರಿದವರಲ್ಲಿಯೇ. ಕಳವಿನ ಆರೋಪ ಹೊತ್ತವನನ್ನೇ ಪಂಚನಾಮೆಗೆ ಕರೆಯುವುದೇ ಎಂದು ಅಳಿಯನು ಕೆರಳಿದನು. ಕಡೆಗೆ ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರ ಅಧ್ಯಾಪಕರು ಗೇರಿನ ಪೆಟ್ಟಿಗೆಯನ್ನು ಬಿಚ್ಚಿ ನೋಡಿ ವರದಿ ಕೊಡಲು ಒಪ್ಪಿ, ಕಾರನ್ನು ಸೋಮವಾರ ತನ್ನಿರೆಂದು ಹೇಳಿ ಕಳುಹಿಸಿದರು. ಮತ್ತೆ ಲಾರಿಯೇ ಬೇಕಾಯಿತು. ಬಾಡಿಗೆಯನ್ನು ಯಾರು ಕೊಡಬೇಕೆಂದು ಅಳಿಯನು ಕೇಳಲು, ಸದ್ಯಕ್ಕೆ ತಾವೇ ಕೊಡಿರೆಂದೂ, ರಶೀದಿಯ ಮೇಲೆ ಕಾರಿನ ನಂಬರು ಬರೆಯಿಸಲು ಮರೆಯಬಾರದೆಂದೂ ವಕೀಲರು ಹೇಳಿದರು.