ಅಂಗೈ ಮರೆಯ ದೀಪ

ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದ ನಮಗೆ ಜಗನ್ಮೋಹನ ಅರಮನೆಯು ನೆರೆಮನೆಯಿದ್ದಂತೆ. 1861ರಲ್ಲಿ ನಿರ್ಮಿತವಾಗಿ 1915ರಲ್ಲಿ ಚಿತ್ರಶಾಲೆಯಾದ ಆ ಸೌಧಕ್ಕೆ, ಪರಊರಿನಿಂದ ಬಂದ ನೆಂಟರನ್ನೆಲ್ಲ ಕರೆದೊಯ್ಯುವುದು ನಮ್ಮ ಮನೆಯ ಸಂಪ್ರದಾಯ. ಅಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರವನ್ನು ತೋರಿಸಿ, "ಇದು ರವಿವರ್ಮನ ಕೈಚಳಕ" ಎಂದು ನಾವು ಎಷ್ಟು ಮಂದಿಗೆ ಹೇಳಿದ್ದೆವೋ ಲೆಕ್ಕವಿಲ್ಲ.

ಹೇಳಿದ್ದು ತಪ್ಪು. ರವಿವರ್ಮನು 1906ರಲ್ಲಿಯೇ ಕಾಲವಾದನು. ಈ ಚಿತ್ರವು ಅನಂತರದ್ದು. ಇದನ್ನು ಬರೆದವರು 1882ರಲ್ಲಿ ಸಾವಂತವಾಡಿಯಲ್ಲಿ ಜನಿಸಿದ ಎಸ್. ಎಲ್. ಹಲ್ದಣಕರರು, ಮಾದರಿಯಾಗಿ ನಿಂತವಳು ಅವರ ಮಗಳು. ಚಿತ್ರವೂ ತೈಲವರ್ಣದ್ದಲ್ಲ, ಜಲವರ್ಣದ್ದು. ಜಲವರ್ಣದಲ್ಲಿ ಬೆಳಕೆಂಬುದು ಬಹುಮಟ್ಟಿಗೆ ಬಳಿದುದಲ್ಲ, ಕಾಗದದ ಬಿಳುಪನ್ನು ಮುಚ್ಚದೆ ಉಳಿಸಿದುದು. ಒಮ್ಮೆ ಕೈತಪ್ಪಿದರೆ ತಿದ್ದುವುದು ಬಲು ಕಷ್ಟ.

ಕಳೆದ ಕಾರ್ತಿಕ ಮಾಸದಲ್ಲಿ ಒಬ್ಬರೇ ಹೋಗಿ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತೆವು. ಮನೆಗೆ ಬಂದವರೇ ಕಾಗದ ಲೇಖನಿಗಳನ್ನು ಹಿಡಿದು ಕುಳಿತೆವು. ಮುಖವನ್ನು ಚಂದ್ರನಿಗೂ ಕೈಯನ್ನು ಕಮಲಕ್ಕೂ ಹೋಲಿಸಿ ಹದಿನಾರು ಸಾಲು ಬರೆದು, ಓದಿ ನೋಡಿದಾಗ ನಮಗೇ ನಾಚಿಕೆಯಾಯಿತು. ಉಪಮಾನಗಳೆಲ್ಲ ಹಿಂದಿನವರಿಂದ ಕಡ ತಂದವು. ಹರಿದು ಹಾಕಿ, ಕಣ್ಣು ಮುಚ್ಚಿ, ಚಿತ್ರವನ್ನು ಮತ್ತೆ ನೆನೆದೆವು. ಆಗ ಮನಸ್ಸಿನಲ್ಲಿ ನಿಂತುದು ಮುಖವಲ್ಲ, ದೀಪಕ್ಕೆ ಮರೆಯಾಗಿ ಹಿಡಿದ ಅಂಗೈ, ಬೆರಳ ಸಂದಿಯ ಕೆಂಪು. ಸಂಜೆ ತುಳಸಿಕಟ್ಟೆಗೆ ದೀಪವನ್ನೊಯ್ಯುತ್ತಿದ್ದ ನಮ್ಮ ತಾಯಿಯವರ ಕೈ ಅದೇ ಆಗಿತ್ತು! ಗಾಳಿಯಿಂದ ದೀಪವನ್ನು ಕಾಯ್ದ ಆ ಕೈಯನ್ನು ಕುರಿತು ಎಂಟೇ ಸಾಲು ಬರೆದು, ಅಕ್ಕನವರಿಗೆ ಓದಿ ಹೇಳಿದೆವು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಾಗಿದೆಯಪ್ಪ. ಆದರೆ ಅಮ್ಮ ಕೈ ಅಡ್ಡ ಹಿಡಿಯುತ್ತಿದ್ದುದು ಗಾಳಿಗೆ ಮಾತ್ರವೇ? ಬೆಳಗಿನ ಜಾವ ಅಡಿಗೆಮನೆಗೆ ಹೋಗುವಾಗ ನಡುಮನೆಯಲ್ಲಿ ನೀವೆಲ್ಲ ಮಲಗಿರುತ್ತಿದ್ದಿರಿ. ಬೆಳಕು ಬಿದ್ದು ನಿಮಗೆ ಎಚ್ಚರವಾಗಬಾರದೆಂದು ಮರೆಮಾಡಿಕೊಂಡು ಹೋಗುತ್ತಿದ್ದಳು. ನೀನು ಹೇಗೆ ಕಂಡೀಯೆ?" ಎಂದರು. ಎದ್ದು ಜೊತೆಯಲ್ಲಿ ಹೋಗುತ್ತಿದ್ದವರು ಅವರೊಬ್ಬರೇ.

ನಮಗೆ ಮಾತು ಹೊರಡಲಿಲ್ಲ. ಆ ಕೈಯನ್ನು ನಾವು ಕಾಣದಿದ್ದುದು ಅಪರಾಧವಲ್ಲ. ನಾವು ಕಾಣಬಾರದೆಂಬುದೇ ಅದರ ಉದ್ದೇಶವಾಗಿತ್ತು. ಆದರೆ ದೊಡ್ಡವರಾದ ಮೇಲೂ, "ಅಮ್ಮ, ನೀನು ಎಷ್ಟು ಹೊತ್ತಿಗೆ ಏಳುತ್ತಿದ್ದೆ?" ಎಂದು ಒಂದು ದಿನವಾದರೂ ಕೇಳದಿದ್ದುದು ನಮ್ಮದೇ ತಪ್ಪು. ಈಗ ಕೇಳೋಣವೆಂದರೆ ಅವರಿಲ್ಲ. ಬರೆದವರ ಹೆಸರನ್ನು ವಿಚಾರಿಸದೆ ಚಿತ್ರವನ್ನು ಹೊಗಳಿದಂತೆಯೇ, ಹಿಡಿದ ಕೈಯನ್ನು ವಿಚಾರಿಸದೆ ಬೆಳಕಿನಲ್ಲಿ ಬಾಳಿದೆವು.

ಕವಿತೆಗೆ ಇನ್ನೆರಡು ಸಾಲು ಸೇರಿಸಬೇಕೆಂದು ಕುಳಿತೆವು; ಬರಲಿಲ್ಲ. ಅಷ್ಟು ಭಾಗ ಕಾಗದದ ಬಿಳುಪಾಗಿಯೇ ಉಳಿಯಲೆಂದು ಬಿಟ್ಟೆವು. ಮಾರನೆಯ ವಾರ ಮೊಮ್ಮಗಳನ್ನು ಚಿತ್ರಶಾಲೆಗೆ ಕರೆದೊಯ್ದು, ಮೊದಲು ಹಲ್ದಣಕರರ ಹೆಸರನ್ನು ಹೇಳಿದೆವು. ಆಮೇಲೆ ಆ ಅಂಗೈಯನ್ನು ತೋರಿಸಿದೆವು.

ವಾಚಕರಲ್ಲಿ ಯಾರ ತಾಯಿಯವರು ಇನ್ನೂ ಇರುವರೋ ಅವರು ಈ ಹೊತ್ತೇ ಕೇಳಿಬಿಡಲಿ.