ಕೈಗುಣವೂ ಕುಟುಂಬ ವೈದ್ಯರೂ



ವೈದ್ಯರ ಜಾಣ್ಮೆಯನ್ನು ಅಳೆಯಲು ನಮ್ಮ ಹಳ್ಳಿಗಳಲ್ಲಿ ಇರುವುದು ಒಂದೇ ಮಾತು: ಕೈಗುಣ. ಡಾಕ್ಟರು ಎಲ್ಲಿ ಓದಿದರು, ಹೆಸರಿನ ಮುಂದೆ ಎಷ್ಟು ಪದವಿಗಳಿವೆ ಎಂದು ಅಲ್ಲಿ ವಿಚಾರಿಸುವವರು ವಿರಳ. ನಾಡಿ ಹಿಡಿದರೇ, ಮನೆಮಂದಿಯ ಕ್ಷೇಮ ಕೇಳಿದರೇ, ಮರುದಿನ ಜ್ವರ ಇಳಿಯಿತೇ ಎಂಬುದಷ್ಟೇ ಲೆಕ್ಕ. ಮಂಡ್ಯದಲ್ಲಿ ಕೇವಲ 5 ರೂಪಾಯಿ ಪಡೆದು ಚಿಕಿತ್ಸೆ ನೀಡುವುದಕ್ಕೆ ಹೆಸರಾದ ಚರ್ಮವೈದ್ಯ ಡಾ. ಶಂಕರೇಗೌಡರ ಮುಂದೆ ಸುತ್ತಲಿನ ಹಳ್ಳಿಗರು ಸಾಲುಗಟ್ಟಿ ನಿಲ್ಲುತ್ತಾರೆ. ಶುಲ್ಕ ಕಡಿಮೆಯೆಂಬುದು ಒಂದು ಕಾರಣ, ಆ ಕೈಯ ಮೇಲಿನ ನಂಬಿಕೆ ಇನ್ನೊಂದು. ಆದರೆ ಸೂಜಿ ಹಾಕದ ವೈದ್ಯರಿಗೆ ವಿದ್ಯೆ ಸಾಲದೆಂದು ತೀರ್ಮಾನಿಸುವವರೂ ಹಳ್ಳಿಗಳಲ್ಲಿಯೇ ಇದ್ದಾರೆ.

ಬೆಂಗಳೂರಿಗೆ ಬಂದರೆ ಅಳತೆಗೋಲು ಬದಲಾಗುತ್ತದೆ. ಎದೆ ಉರಿದರೆ ನೇರವಾಗಿ ಹೃದ್ರೋಗತಜ್ಞರು, ಮಂಡಿ ನೋವಿಗೆ ಮೂಳೆತಜ್ಞರು. ಸ್ಕ್ಯಾನಿಂಗ್ ಬರೆದುಕೊಡದವರು ಸರಿಯಾಗಿ ನೋಡಲಿಲ್ಲವೆಂಬ ಸಂಶಯ. ಬಡಾವಣೆಯ ಡಾಕ್ಟರು ನೆಗಡಿ ಕೆಮ್ಮಿಗೆ ಮಾತ್ರ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶಕ್ಕೆ ಬಂದ ನಾವು ಆ ನಗರದ ಅಳತೆಗೋಲನ್ನೇ ಜೊತೆಗೆ ತಂದೆವು. ಇಲ್ಲಿನ ಕುಟುಂಬ ವೈದ್ಯರೆಂದರೆ ತಜ್ಞರ ಬಳಿಗೆ ಚೀಟಿ ಬರೆದುಕೊಡುವವರೆಂದೇ ನಮ್ಮಲ್ಲಿ ಅನೇಕರ ಭಾವನೆ. ಅಮೆರಿಕದಲ್ಲಿ ಕುಟುಂಬ ವೈದ್ಯಕೀಯವು 1969ರಲ್ಲಿಯೇ ಪ್ರತ್ಯೇಕ ತಜ್ಞಶಾಖೆಯೆಂದು ಮಾನ್ಯತೆ ಪಡೆಯಿತು; ವೈದ್ಯಪದವಿಯ ಬಳಿಕ ಮೂರು ವರ್ಷಗಳ ತರಬೇತಿ ಪಡೆದವರು ಆ ಶಾಖೆಯ ವೈದ್ಯರಾಗುತ್ತಾರೆ.

ಹಳ್ಳಿಯ ದೃಷ್ಟಿಯೂ ಇಲ್ಲಿನ ಪದ್ಧತಿಯೂ ಮುಖಾಮುಖಿಯಾದದ್ದು ನಮ್ಮ ತಂದೆಯವರು ಊರಿನಿಂದ ಫ್ರೀಮಾಂಟಿಗೆ ಬಂದಾಗ. ಕೆಮ್ಮಿಗೆಂದು ಅವರನ್ನು ಕರೆದೊಯ್ದೆವು. ವೈದ್ಯೆ ಎದೆ, ಬೆನ್ನು ಪರೀಕ್ಷಿಸಿ, ಇದು ವೈರಸ್ಸಿನ ಕೆಮ್ಮು, ಆಂಟಿಬಯಾಟಿಕ್ ಬೇಡ, ವಿಶ್ರಾಂತಿ ಸಾಕು ಎಂದರು. "ಒಂದು ಸೂಜಿನೂ ಹಾಕ್ಲಿಲ್ಲ, ಇದೆಂಥ ಡಾಕ್ಟ್ರಪ್ಪ?" ಎಂದು ತಂದೆಯವರು ಕಾರಿನಲ್ಲಿ ಗೊಣಗಿದರು. ಕೆಮ್ಮು ವಾರದಲ್ಲಿ ಹೋಯಿತು. ನಂಬಿಕೆ ಮಾತ್ರ ಬರಲಿಲ್ಲ.

ರಕ್ತದೊತ್ತಡದ ತಪಾಸಣೆಗೆಂದು ಎರಡನೆಯ ಬಾರಿ ಹೋದಾಗ ಆಕೆ ನಮ್ಮನ್ನು ಹೊರಗೆ ಕೂರಿಸಿ, ಫೋನಿನಲ್ಲಿ ಕನ್ನಡ ದುಭಾಷಿಯೊಬ್ಬರ ಮೂಲಕ ತಂದೆಯವರೊಡನೆ ಮಾತನಾಡಿದರು. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆಂದು ಅವರು ಬಾಯಿಬಿಟ್ಟದ್ದು ಆಗಲೇ. ಮಕ್ಕಳಿಗೆ ಖರ್ಚಾದೀತೆಂದು ಆರು ತಿಂಗಳಿಂದ ಮುಚ್ಚಿಟ್ಟಿದ್ದರಂತೆ. ಮುಂದಿನ ಪರೀಕ್ಷೆಗಳಲ್ಲಿ ಹೃದಯದ ರಕ್ತನಾಳವೊಂದು ಕಿರಿದಾಗಿರುವುದು ತಿಳಿದು, ಸಕಾಲದಲ್ಲಿ ಚಿಕಿತ್ಸೆಯಾಯಿತು. "ಆ ಡಾಕ್ಟ್ರಮ್ಮನ ಕೈಗುಣ ಒಳ್ಳೇದು" ಎಂದು ಊರಿನ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದರು. ನಮಗೆ ಕಂಡಂತೆ ಆಕೆಯ ಜಾಣ್ಮೆ ಇದ್ದದ್ದು ಯಾರಿಲ್ಲದಾಗ ಏನು ಕೇಳಬೇಕೆಂದು ಅರಿತದ್ದರಲ್ಲಿ.

ಹಿರಿಯರನ್ನು ಕರೆಸಿಕೊಳ್ಳುವ ಸದಸ್ಯ ಕುಟುಂಬಗಳಲ್ಲಿ ಒಂದು ವಿನಂತಿ. ಫೆಡರಲ್ ಸರ್ಕಾರದ ನೆರವು ಪಡೆಯುವ ಆಸ್ಪತ್ರೆ, ಕ್ಲಿನಿಕ್ಕುಗಳು ಇಂಗ್ಲಿಷ್ ಬಾರದ ರೋಗಿಗಳಿಗೆ ದುಭಾಷಿಯ ಸಹಾಯವನ್ನು ಉಚಿತವಾಗಿ ಒದಗಿಸಬೇಕೆಂಬುದು ಇಲ್ಲಿನ ಕಾನೂನು. ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಕನ್ನಡ ದುಭಾಷಿ ಬೇಕೆಂದು ತಿಳಿಸಿರಿ. ನಾವೇ ಪಕ್ಕದಲ್ಲಿ ಕುಳಿತು ಅನುವಾದಿಸಿದರೆ, ಹಿರಿಯರು ನಮ್ಮ ಮುಖ ನೋಡಿಕೊಂಡೇ ಉತ್ತರ ಹೇಳುತ್ತಾರೆ.