ಕಾರೈ ಬಯಲಿನಲ್ಲಿ ಒಂದು ದಿನ



ಮಠದಲ್ಲಿ ಕುಳಿತು ಪಾಠ ಹೇಳಬೇಕಾದ ಸ್ವಾಮಿಯೊಬ್ಬನು ಸಮುದ್ರವಿಲ್ಲದ ನಾಡಿನಲ್ಲಿ ಸಮುದ್ರದ ಚಿಪ್ಪುಗಳನ್ನು ಅರಸುತ್ತ ಹೋದನೆಂದರೆ ನಿಮಗೆ ನಗು ಬರಬಹುದು. ನಾವೂ ನಕ್ಕಿದ್ದೇವೆ. ಆದರೆ ಆ ಒಂದು ದಿನ ನಮಗೆ ತಿಳಿದುಬಂದ ವಿಷಯ ಸಂಸ್ಕೃತ ಪಾಠಶಾಲೆಯಲ್ಲಿಯೂ ವಿಶ್ವವಿದ್ಯಾಲಯದಲ್ಲಿಯೂ ನಮಗೆ ದೊರೆತಿರಲಿಲ್ಲ. ಆದಕಾರಣ ಅದನ್ನು ಮುಚ್ಚುಮರೆಯಿಲ್ಲದೆ ನಿಮ್ಮ ಮುಂದಿಡುವುದು ಉಚಿತವೆಂದು ತೋರಿತು.

ನಮ್ಮ ಪೂರ್ವಾಶ್ರಮದ ಅಣ್ಣನವರಿಗೆ ಒಬ್ಬನೇ ಮಗ. ಭೂವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿ. ಅಣ್ಣನವರು ಲಿಂಗೈಕ್ಯರಾಗಿ ಒಂದು ವರ್ಷ ಕಳೆದಿದ್ದರೂ ಹುಡುಗನು ಮಠದ ಕಡೆ ಮುಖ ಹಾಕಿರಲಿಲ್ಲ. ಕಳೆದ ಪುಷ್ಯಮಾಸದಲ್ಲಿ ಯಾವುದೋ ಕಾಗದಕ್ಕೆ ಸಹಿ ಬೇಕಾಗಿ ಬಂದವನನ್ನು ವಿಚಾರಿಸಿದಾಗ, ತನ್ನ ಅಧ್ಯಯನಕ್ಕಾಗಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈ ಎಂಬ ಗ್ರಾಮಕ್ಕೆ ಹೋಗುತ್ತಿರುವೆನೆಂದನು. “ನಮ್ಮನ್ನೂ ಕರೆದುಕೊಂಡು ಹೋಗುವೆಯಾ?” ಎಂದು ಕೇಳಿದೆವು. ಅವನು ಕ್ಷಣಕಾಲ ಸುಮ್ಮನಿದ್ದು, “ಬಿಸಿಲು ಬಹಳ ಬುದ್ಧಿ” ಎಂದಷ್ಟೇ ಹೇಳಿದನು. ಬೇಡವೆನ್ನಲಿಲ್ಲವೆಂಬ ಧೈರ್ಯದ ಮೇಲೆ ಹೊರಟೆವು.

ದಾರಿಯಲ್ಲಿ ನಮ್ಮ ಮೊದಲನೆಯ ಪ್ರಶ್ನೆ, ನಮ್ಮ ನಾಡಿನಲ್ಲಿಯೇ ಇಷ್ಟೊಂದು ಕಲ್ಲಿರುವಾಗ ಅಷ್ಟು ದೂರ ಹೋಗುವುದೇಕೆ ಎಂಬುದಾಗಿತ್ತು. ನಮ್ಮ ಕಲ್ಲು ಬಹಳ ಹಳೆಯದಾದುದೇ ಅದಕ್ಕೆ ಕಾರಣವಂತೆ. ಚಿತ್ರದುರ್ಗ, ಶಿವಮೊಗ್ಗೆಗಳ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಆಗ ಚಿಪ್ಪುಳ್ಳ ಪ್ರಾಣಿಗಳು ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಟೊಲೈಟ್ ಎಂಬ ರಚನೆಗಳು ಮಾತ್ರ ಅಲ್ಲಲ್ಲಿ ಉಳಿದಿವೆ. ಬಾಗಲಕೋಟೆ ಸೀಮೆಯ ಕಲಾದಗಿ ಶಿಲೆಗಳಲ್ಲಿಯೂ ಅಂಥವನ್ನು ಕಾಣಬಹುದು. ಚಿಪ್ಪಿನ ಪ್ರಾಣಿಗಳನ್ನು ಕಾಣಬೇಕಾದರೆ ಇನ್ನೂ ಎಳೆಯ ಶಿಲೆಗಳ ಬಳಿಗೆ ಹೋಗಬೇಕು.

ಮೊದಲು ಸಾತ್ತನೂರಿನ ಕಲ್ಲಾದ ಮರವನ್ನು ನೋಡಿದೆವು. ಬೇಲಿಯೊಳಗೆ ಮಲಗಿರುವ ಆ ಕಾಂಡದ ಉದ್ದ 18 ಮೀಟರಿಗೂ ಹೆಚ್ಚು. ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಎಂ. ಎಸ್. ಕೃಷ್ಣನ್ ಅವರು 1940ರಲ್ಲಿ ಇದರ ಸಂಗತಿಯನ್ನು ಲೋಕಕ್ಕೆ ತಿಳಿಸಿದರು. ಕೋಟ್ಯಂತರ ವರ್ಷಗಳ ಹಿಂದೆ ಎಲ್ಲಿಯೋ ಬಿದ್ದ ಮರ ತೇಲಿಬಂದು ಕಡಲಿನ ಕೆಸರಿನಲ್ಲಿ ಹೂತುಹೋಯಿತು. ಕೊಳೆಯುವುದಕ್ಕೆ ಮೊದಲೇ ನೀರಿನಲ್ಲಿ ಕರಗಿದ್ದ ಸಿಲಿಕಾಂಶ ಅದರ ಕಣಕಣವನ್ನೂ ಹೊಕ್ಕು ಕಲ್ಲಾಗಿಸಿತು. ಮುಟ್ಟಿದರೆ ಕಲ್ಲು, ನೋಡಿದರೆ ಮರ.

ಅಲ್ಲಿಂದ ಕಾರೈ ದೂರವಿಲ್ಲ. ಊರು ದಾಟಿದೊಡನೆ ಹಸುರೇ ಇಲ್ಲದ, ಮಳೆನೀರು ಕೊರೆದು ಸಾವಿರ ಕೊರಕಲುಗಳಾದ ಜೇಡಿಮಣ್ಣಿನ ದಿಬ್ಬಗಳು ಕಾಣಿಸಿದವು. ಮಣ್ಣಿನ ನಡುವೆ ಜಿಪ್ಸಂ ಹಾಳೆಗಳು ಬಿಸಿಲಿಗೆ ಗಾಜಿನ ಚೂರಿನಂತೆ ಹೊಳೆಯುತ್ತಿದ್ದವು. ಇಂದು ಕಡಲು ಅಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರಿನಷ್ಟು ದೂರದಲ್ಲಿದೆ. ಆದರೆ ಸುಮಾರು 10 ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಎಂದು ಕರೆಯುವ ಯುಗದಲ್ಲಿ, ನಾವು ನಿಂತಿದ್ದ ನೆಲವೇ ಕಡಲಿನ ತಳವಾಗಿತ್ತು. ಈ ಸೀಮೆಯ ಚಿಪ್ಪುಗಳನ್ನು ಕುರಿತು ಎಡ್ವರ್ಡ್ ಫೋರ್ಬ್ಸ್ ಎಂಬ ಬ್ರಿಟಿಷ್ ವಿದ್ವಾಂಸರು 1846ರಲ್ಲಿಯೇ ಬರೆದರು. ಬ್ಲಾನ್‌ಫರ್ಡ್ ಅವರು ಇಲ್ಲಿಯ ಶಿಲಾಪದರಗಳನ್ನು ವಿಂಗಡಿಸಿ 1862ರಲ್ಲಿ ವರದಿಯನ್ನು ಪ್ರಕಟಿಸಿದರು. ಅನಂತರ ಸ್ಟೊಲಿಚ್ಕಾ ಎಂಬವರು ವರ್ಷಗಟ್ಟಲೆ ಕುಳಿತು ಒಂದೊಂದು ಚಿಪ್ಪನ್ನೂ ವರ್ಣಿಸಿ ಗ್ರಂಥಗಳನ್ನು ಹೊರತಂದರು. ಈ ಮಹನೀಯರು 1874ರಲ್ಲಿ ತಮ್ಮ 36ನೆಯ ವಯಸ್ಸಿನಲ್ಲಿ ಲಡಾಖ್ ಸೀಮೆಯಲ್ಲಿ ತೀರಿಕೊಂಡರೆಂದು ಹುಡುಗನು ಹೇಳಿದಾಗ ಮನಸ್ಸು ಮರುಗಿತು.

ಪಳೆಯುಳಿಕೆಯನ್ನು ಹುಡುಕುವುದು ಕಣ್ಣಿನ ಸಾಧನೆ. ಮೊದಲ ಒಂದು ಗಂಟೆ ನಮಗೆ ಏನೂ ಕಾಣಲಿಲ್ಲ. “ನಿಧಾನವಾಗಿ ನಡೆಯಿರಿ ಬುದ್ಧಿ. ಸುಮ್ಮನೆ ಕಲ್ಲನ್ನು ನೋಡಬೇಡಿ. ಒಂದೇ ಅಂತರದಲ್ಲಿ ಮರಳಿಮರಳಿ ಬರುವ ಗೆರೆಯನ್ನು ನೋಡಿ. ಕಲ್ಲು ತಾನಾಗಿ ಅಷ್ಟು ಅಚ್ಚುಕಟ್ಟಾಗಿ ಒಡೆಯುವುದಿಲ್ಲ” ಎಂದು ಹುಡುಗನು ಹೇಳಿಕೊಟ್ಟನು. ಆಮೇಲೆ ಕಣ್ಣು ತೆರೆಯಿತು. ಬೆರಳುದ್ದದ ಬೆಲೆಮ್ನೈಟ್ ತುಂಡುಗಳು ಸಿಕ್ಕವು. ಇವು ಕರಾವಳಿಯವರು ಬೊಂಡಾಸ್ ಎನ್ನುವ ಪ್ರಾಣಿಯ ಪ್ರಾಚೀನ ಬಂಧುಗಳ ದೇಹದೊಳಗಿದ್ದ ಗಟ್ಟಿ ಭಾಗಗಳು. ಅಲ್ಲಲ್ಲಿ ಸಾಗರದ ಹುಳುಗಳ ಸುರುಳಿಗೊಳವೆಗಳೂ ಇದ್ದವು. ಮೇಲ್ಮೈಯಲ್ಲಿ ಸಿಕ್ಕಿದ್ದು ಯಾವ ಪದರದಿಂದ ಉರುಳಿಬಂದಿತೆಂಬುದನ್ನು ದಿಬ್ಬ ಹತ್ತಿ ಹುಡುಕಬೇಕು. ಹುಡುಗನು ಪ್ರತಿಯೊಂದರ ಬಳಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು, ಸ್ಥಳವನ್ನು ಪುಸ್ತಕದಲ್ಲಿ ಗುರುತಿಸಿಕೊಂಡು, ಮತ್ತೆ ಅಲ್ಲಿಯೇ ಬಿಡುತ್ತಿದ್ದನು. “ಜಾಗ ತಪ್ಪಿದ ಮೇಲೆ ಅದು ಬರಿಯ ಕಲ್ಲು ಬುದ್ಧಿ. ತನ್ನ ಕಾಲವನ್ನು ಅದು ಹೇಳಲಾರದು” ಎಂದನು.

ಮಧ್ಯಾಹ್ನ ಅವನು ಸ್ವಲ್ಪ ದೂರದಲ್ಲಿದ್ದಾಗ, ಕೊರಕಲಿನ ಅಂಚಿನಲ್ಲಿ ನಮಗೊಂದು ಅಮ್ಮೊನೈಟ್ ಕಾಣಿಸಿತು. ಅಂಗೈಯಷ್ಟು ಅಗಲ, ಟಗರಿನ ಕೊಂಬಿನಂಥ ಸುರುಳಿ, ಅದರ ಮೇಲೆ ಎಣಿಸಬಹುದಾದಂಥ ಏಣುಗಳು. ಗಂಡಕಿ ನದಿಯ ಸಾಲಿಗ್ರಾಮಗಳಲ್ಲಿ ಕಾಣುವ ಚಕ್ರವೂ ಇದೇ ಜಾತಿಯ ಪ್ರಾಣಿಯದು. 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನಡೆದ ಮಹಾವಿನಾಶದಲ್ಲಿ ಈ ಕುಲವೇ ಅಳಿದುಹೋಯಿತು.

ವಾಚಕರೇ, ಇಲ್ಲಿಂದ ಮುಂದಿನದನ್ನು ಬರೆಯಲು ಸಂಕೋಚವಾಗುತ್ತದೆ. ಬಾಲ್ಯದಲ್ಲಿ ಅಣ್ಣನವರು ಹಳ್ಳದಿಂದ ಬಣ್ಣದ ಕಲ್ಲುಗಳನ್ನು ಆರಿಸಿ ತಂದು ನಮ್ಮ ಮುಂದೆ ಸಾಲಾಗಿ ಇಡುತ್ತಿದ್ದರು. ನಮ್ಮನ್ನು ಮಠಕ್ಕೆ ಒಪ್ಪಿಸಿದ ವರ್ಷವೇ ಅವರು ಶಾಲೆ ಬಿಟ್ಟು ನೇಗಿಲು ಹಿಡಿದರು. ಇದನ್ನು ಅವರ ಸಮಾಧಿಯ ಮೇಲಿಡೋಣವೆಂಬ ಭಾವ ಉಕ್ಕಿ ಬಂದು, ಆ ಕಲ್ಲನ್ನು ಎತ್ತಿ ಜೋಳಿಗೆಯಲ್ಲಿ ಹಾಕಿಕೊಂಡೆವು. ಮನೆಮಾರು ತೊರೆದೆವೆಂದು ಮೂವತ್ತೈದು ವರ್ಷಗಳಿಂದ ಹೇಳಿಕೊಳ್ಳುತ್ತಿರುವ ನಾವು ಒಂದು ಕಲ್ಲನ್ನು ಕದ್ದೆವು.

ಸಂಜೆಯಿಂದ ಹುಡುಗನು ಮೌನವಾಗಿದ್ದನು. ರಾತ್ರಿ ತಂಗಿದಲ್ಲಿ ಕಾರಣ ಕೇಳಿದೆವು. ಬಹಳ ಹೊತ್ತಿನ ಮೇಲೆ, “ತಾವು ಕಲ್ಲು ಎತ್ತಿಕೊಂಡದ್ದನ್ನು ನೋಡಿದೆ ಬುದ್ಧಿ. ಬೇಡವೆನ್ನಲು ಬಾಯಿ ಬರಲಿಲ್ಲ” ಎಂದನು. ಮತ್ತೆ ತಲೆ ತಗ್ಗಿಸಿಕೊಂಡು, “ಅಪ್ಪನೂ ಹಾಗೆಯೇ. ಕೊನೆಯ ಮೂರು ದಿನ ತಮ್ಮನ್ನು ನೋಡಬೇಕು, ನೋಡಬೇಕು ಅಂದರು. ಹೇಳಿಕಳಿಸುತ್ತೇನೆ ಅಂದರೆ, ಬುದ್ಧಿಯವರಿಗೆ ನೂರು ಕೆಲಸ ಇರುತ್ತದೆ, ಬೇಡಪ್ಪ ಅಂದರು” ಎಂದನು.

ಅಣ್ಣನವರು ಮಠಕ್ಕೆ ಬಂದಾಗಲೆಲ್ಲ ಭಕ್ತರ ಸಾಲಿನಲ್ಲಿ ನಿಂತು, ತಮ್ಮನ ಪಾದಕ್ಕೆ ಎರಗಿ, ಬುದ್ಧಿ ಎಂದು ಕರೆದು, ಪ್ರಸಾದ ಸ್ವೀಕರಿಸಿ ಹೋಗುತ್ತಿದ್ದರು. ಅವರು ಹಾಸಿಗೆ ಹಿಡಿದ ಸುದ್ದಿ ನಮಗೆ ತಿಳಿದಿತ್ತು. ವಿರಕ್ತನಿಗೆ ಪೂರ್ವಾಶ್ರಮದ ಬಂಧನ ಸಲ್ಲದೆಂದು ನಮಗೆ ನಾವೇ ಹೇಳಿಕೊಂಡು ವಿಭೂತಿಯನ್ನು ಕಳಿಸಿ ಸುಮ್ಮನಾದೆವು. ಆದರೆ ರೋಗಪೀಡಿತರಾದ ಎಷ್ಟು ಜನ ಭಕ್ತರ ಮನೆಗೆ ನಾವು ಹೋಗಿಲ್ಲ! ಅಣ್ಣನನ್ನು ಅಣ್ಣನೆಂದು ನೋಡಲು ನಿಯಮ ಬಿಡದಿದ್ದರೆ ಭಕ್ತನೆಂದಾದರೂ ನೋಡಬಹುದಾಗಿತ್ತು. ನಮ್ಮ ಅಂಜಿಕೆಗೆ ನಿಯಮದ ಹೆಸರಿಟ್ಟಿದ್ದೆವೆಂಬುದು ಆ ರಾತ್ರಿ ತಿಳಿಯಿತು. “ತಪ್ಪು ನಮ್ಮದು ಮಗೂ” ಎಂದೆವು. ಅವನು ಏನೂ ಹೇಳಲಿಲ್ಲ. ಹೇಳಬೇಕೆಂದು ನಾವೂ ಅಪೇಕ್ಷಿಸಲಿಲ್ಲ.

ಮರುದಿನ ಬೆಳಗ್ಗೆ ಮತ್ತೆ ಕಾರೈಗೆ ಹೋದೆವು. ಆ ಸಾವಿರ ಕೊರಕಲುಗಳಲ್ಲಿ ನಮ್ಮದು ಯಾವುದೆಂದು ತಿಳಿಯದೆ ದಿಕ್ಕುಗೆಟ್ಟು ನಿಂತಾಗ ಹುಡುಗನು ಪುಸ್ತಕ ತೆರೆದು, “ತಾವು ಎತ್ತಿಕೊಂಡ ಜಾಗವನ್ನು ನಿನ್ನೆಯೇ ಬರೆದುಕೊಂಡಿದ್ದೇನೆ ಬುದ್ಧಿ” ಎಂದು ಮುಂದೆ ನಡೆದನು. ಮಣ್ಣಿನಲ್ಲಿ ಕಲ್ಲಿನ ಅಚ್ಚು ಇನ್ನೂ ಇತ್ತು. ಅದರಲ್ಲಿಯೇ ಅದನ್ನು ಇಟ್ಟೆವು. ಅವನು ಅಳತೆಪಟ್ಟಿಯಿಟ್ಟು ಚಿತ್ರ ತೆಗೆದುಕೊಂಡನು.

ಹಿಂದಿರುಗುವಾಗ ಮಠಕ್ಕೆ ಮೊದಲು ಹಳ್ಳಿಯ ದಾರಿ ಹಿಡಿದು, ಹೊಲದ ಬದುವಿನಲ್ಲಿರುವ ಅಣ್ಣನವರ ಸಮಾಧಿಯ ಬಳಿ ಬರಿಗೈಯಲ್ಲಿ ಒಂದು ಗಳಿಗೆ ಕುಳಿತೆವು. ಹುಡುಗನು ಬಾವಿಯಿಂದ ನೀರು ತಂದುಕೊಟ್ಟನು. ಈಗ ತಿಂಗಳಿಗೊಮ್ಮೆಯಾದರೂ ಅವನು ಮಠಕ್ಕೆ ಬರುತ್ತಾನೆ.

ನೀವು ಎಂದಾದರೂ ಸಾತ್ತನೂರು, ಕಾರೈಗಳ ಕಡೆ ಹೋದರೆ ಕಣ್ತುಂಬ ನೋಡಿ, ಮಕ್ಕಳಿಗೂ ತೋರಿಸಿ, ಆದರೆ ಯಾವುದನ್ನೂ ಎತ್ತಿ ತರಬೇಡಿ. ಹತ್ತು ಕೋಟಿ ವರ್ಷ ಕಾದ ಕಲ್ಲು ಇನ್ನಷ್ಟು ದಿನ ಕಾಯಬಲ್ಲದು. ಹಾಸಿಗೆ ಹಿಡಿದ ಮನುಷ್ಯನು ಹಾಗೆ ಕಾಯಲಾರನು. ನಿಮ್ಮ ಮುಖವನ್ನು ನೋಡಬೇಕೆಂದು ಹಂಬಲಿಸುತ್ತಿರುವವರು ಯಾರಾದರೂ ಇದ್ದರೆ, ಈ ಸಂಚಿಕೆಯನ್ನು ಕೆಳಗಿಟ್ಟು ಇಂದೇ ಹೊರಡಿರಿ.